ಅವ್ವನ ಟಿವಿ ಕೆಳಗಿನ ಡಬ್ಬಿ

ನಮ್ಮ ಮನೆಯ ಟಿವಿಗೆ ಒಂದು ರೋಗ ಇತ್ತು. ಪೆನ್‌ಡ್ರೈವ್ ಚುಚ್ಚಿದರೆ ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಫೈಲಿನ ಆಡಿಯೊ ಡಿಟಿಎಸ್ ಅನ್ನುವ ಬಗೆಯದಾಗಿದ್ದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ದಸರೆ ರಜೆಯಲ್ಲಿ ಅಣ್ಣನ ಮದುವೆಯ ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಸಿದೆವು, 1998ರದ್ದು. ಅದನ್ನು ಹಾಕಿದರೆ ಇನ್ನೊಂದು ತಮಾಷೆ. ಯಾರಾದರೂ ಅಕ್ಷತೆ ಹಾಕಲು ಕೈ ಎತ್ತಿದರೆ ಸಾಕು, ಆ ಕೈ ಬಾಚಣಿಗೆ ಹಲ್ಲಿನ ಹಾಗೆ ಗೆರೆಗೆರೆಯಾಗಿ ಸೀಳುತ್ತಿತ್ತು. "ಇದೇನ್ ಟಿವಿನೋ, ಏನ್ ದೆವ್ವನೋ" ಎಂದು ಅವ್ವ ರಿಮೋಟು ಕೆಳಗಿಟ್ಟಳು.

ಟಿವಿ ಬದಲಿಸುವಷ್ಟು ದುಡ್ಡಿಲ್ಲ. ಅದರ ಕೆಳಗೆ ಒಂದು ಸಣ್ಣ ಕಂಪ್ಯೂಟರ್ ಇಡೋಣ ಅಂದುಕೊಂಡೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ಕಂಪ್ಯೂಟರ್ ಬಿಚ್ಚುವುದು ಬರೀ ಚಟ. 10,000 ರೂಪಾಯಿ ದಾಟಬಾರದು ಎಂದು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಮೊದಲು ಇಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದೆ. "ಸರ್, ಗ್ರಾಫಿಕ್ಸ್ ಕಾರ್ಡ್ ಹಾಕಿಸ್ರಿ, 35 ಸಾವಿರದಾಗ ಮಸ್ತ್ ಆಗ್ತದ" ಎಂದರು. ಆಗ್ತದ, ಒಪ್ಪಿದೆ. ಆದರೆ ನಮ್ಮ ಅವ್ವ ಗೇಮ್ ಆಡುವುದಿಲ್ಲ.

ಸಿನಿಮಾ ನೋಡುವ ಡಬ್ಬಿಗೆ ಬೇಕಾದದ್ದು ಓಟ ಅಲ್ಲ. ಈಗಿನ ವಿಡಿಯೊಗಳನ್ನು ಬಿಗಿಯಾಗಿ ಮಡಚಿ ಇಟ್ಟಿರುತ್ತಾರೆ. ಎಚ್.264 ಹಳೇ ಮಡಿಕೆ, ಎಚ್‌ಇವಿಸಿ ಅದಕ್ಕಿಂತ ಬಿಗಿ. ಬಿಡಿಸಲಿಕ್ಕೆಂದೇ ಇಂಟೆಲ್ ಚಿಪ್ಪಿನ ಗ್ರಾಫಿಕ್ಸ್ ಭಾಗದಲ್ಲಿ ಒಂದು ತುಣುಕು ಇರುತ್ತದೆ. ಆ ತುಣುಕಿಗೆ ಗೊತ್ತಿರುವ ಮಡಿಕೆಯಾದರೆ ಪ್ರೊಸೆಸರ್ ಕೈಕಟ್ಟಿ ಕೂರುತ್ತದೆ. ಗೊತ್ತಿಲ್ಲದಿದ್ದರೆ ಪ್ರೊಸೆಸರೇ ಬೆವರು ಸುರಿಸಬೇಕು, ಫ್ಯಾನು ಕೂಗಬೇಕು. ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆ ಹೆಚ್ಚು. ಇಂಟೆಲ್ಲಿನ 6ನೇ ಜನರೇಷನ್ನಿನ ಚಿಪ್ಪಿಗೆ 8 ಬಿಟ್ ಎಚ್‌ಇವಿಸಿ ಬರುತ್ತದೆ, 10 ಬಿಟ್ ಆದರೆ ತಡವರಿಸುತ್ತದೆ. 4ಕೆ ಸಿನಿಮಾಗಳು ಬಹುಪಾಲು 10 ಬಿಟ್ಟೇ. 7ನೇ ಜನರೇಷನ್ನಿಗೆ ಅದೂ ಬರುತ್ತದೆ, ಯೂಟ್ಯೂಬಿನ ವಿಪಿ9 ಕೂಡ ಬರುತ್ತದೆ. ಇನ್ನೂ ಹೊಸ ಮಡಿಕೆಯಾದ ಎವಿ1 ಕಲಿತದ್ದು 11ನೇ ಜನರೇಷನ್. ಅಂದರೆ ನನ್ನ ಗೆರೆ 7ರ ಮೇಲೆ ಬಿತ್ತು.

ಇಲ್ಲೇ ಒಂದು ಅದೃಷ್ಟ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವುದು 8ನೇ ಜನರೇಷನ್ನಿನಿಂದ ಮೇಲೆ. ಹೀಗಾಗಿ 7ನೆಯವು ಆಫೀಸುಗಳಿಗೆ ಬೇಡದ ಕೂಸುಗಳು, ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತವೆ. ಕೆಟ್ಟಿಲ್ಲ, ಸುಮ್ನೆ ಬೇಡವಾಗಿವೆ ಅಷ್ಟೆ. ನನಗೆ ವಿಂಡೋಸೇ ಬೇಡ. ಅದರ ಬದಲು ಲಿಬ್ರೆಎಲೆಕ್ ಅನ್ನುವ ಸಣ್ಣ ಲಿನಕ್ಸ್ ಹಾಕಿದರೆ ಆನ್ ಮಾಡಿದ ಕೂಡಲೇ ನೇರ ಸಿನಿಮಾ ತೋರಿಸುವ ಕೋಡಿ ಪ್ರೋಗ್ರಾಂ ತೆರೆಯುತ್ತದೆ, ಪುಕ್ಕಟೆ.

ಇನ್ನೊಂದು ಲೆಕ್ಕ ಬಹಳ ಜನ ತಪ್ಪುತ್ತಾರೆ. 7ನೇ ಜನರೇಷನ್ನಿನ ಐ3-7100ಟಿ ಮತ್ತು ಐ5-7500ಟಿ ಎರಡರಲ್ಲೂ ಇರುವುದು ಅದೇ ಎಚ್‌ಡಿ 630 ಗ್ರಾಫಿಕ್ಸ್. ಮಡಿಕೆ ಬಿಡಿಸುವ ತುಣುಕು ಒಂದೇ. ಐ5 ಅಂತ 2,000 ಜಾಸ್ತಿ ಕೊಟ್ಟರೆ ಸಿನಿಮಾ ಚಂದ ಕಾಣುವುದಿಲ್ಲ. ಹೆಸರಿನ ಕೊನೆಯ 'ಟಿ' ಮಾತ್ರ ಬಿಡಬೇಡಿ, ಅದು ಕರೆಂಟು ಕಡಿಮೆ ತಿನ್ನುವ 35 ವಾಟಿನ ಚಿಪ್ಪು ಅನ್ನುವ ಗುರುತು. ಇಂಟೆಲ್ಲಿನ ಎನ್100 ಚಿಪ್ಪಿನ ಹೊಸ ಡಬ್ಬಿಗಳನ್ನೂ ನೋಡಿದೆ. ಚಿಪ್ಪು 6 ವಾಟ್, ಎವಿ1 ಸಹ ಬಿಡಿಸುತ್ತದೆ, ಆಸೆಯಾಯಿತು. ಆದರೆ ಆ ಹೊತ್ತಿಗೆ ರ್‍ಯಾಮ್ ಬೆಲೆ ಗಗನಕ್ಕೆ ಹೊರಟಿತ್ತು. ರ್‍ಯಾಮ್ ಒಳಗೇ ಇರುವ ಹಳೇ ಡಬ್ಬಿಯೇ ವಾಸಿ ಅನ್ನಿಸಿತು.

ನವೆಂಬರಿನ ಒಂದು ಶನಿವಾರ ಸಿಕಂದರಾಬಾದ್ ರೈಲು ಹತ್ತಿದೆ. ಅಲ್ಲಿನ ಕಂಪ್ಯೂಟರ್ ಮಾರ್ಕೆಟ್ ಚಿನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅದೇ ಹತ್ತಿರ. ವಾಡಿ, ಚಿತ್ತಾಪುರ, ಮಳಖೇಡ, ಸೇಡಂ. ಅಮೋಘವರ್ಷನ ರಾಜಧಾನಿ ದಾಟುವಾಗ ನಾನು ತಲೆ ಎತ್ತದೆ, ಪರದೆಗೆ ಕೇಬಲ್ ಚುಚ್ಚುವ ಡಿಸ್‌ಪ್ಲೇಪೋರ್ಟ್ ಪಟ್ಟಿ ಓದುತ್ತಿದ್ದೆ. ನಾಚಿಕೆ ಆಗಬೇಕಿತ್ತು.

ಅಂಗಡಿಯಲ್ಲಿ 7ನೇ ಜನರೇಷನ್ನಿನ ಲೆನೊವೊ ಎಂ710ಕ್ಯೂ ಸಾಲುಸಾಲಾಗಿ ಜೋಡಿಸಿದ್ದರು, ದಪ್ಪ ನೋಟ್‌ಬುಕ್ಕಿನಷ್ಟು ದೊಡ್ಡದು. 8 ಜಿಬಿ ರ್‍ಯಾಮ್, 128 ಜಿಬಿ ಎಸ್‌ಎಸ್‌ಡಿ ಸೇರಿ 7,200. ನಾನು ಜೇಬಿನಲ್ಲಿ ಲಿಬ್ರೆಎಲೆಕ್ ಹಾಕಿದ ಪೆನ್‌ಡ್ರೈವ್ ಒಯ್ದಿದ್ದೆ. ಮೊದಲು ಎಫ್1 ಒತ್ತಿ ಬಯೋಸ್, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗು, ತೆರೆದೆ. ಮೊದಲನೇ ಡಬ್ಬಿ ಪಾಸ್‌ವರ್ಡ್ ಕೇಳಿತು. ಯಾವುದೋ ಆಫೀಸಿನವರು ಬೀಗ ಹಾಕಿ ಕೀಲಿ ಮರೆತು ಹೋಗಿದ್ದಾರೆ. ಅಂಥದ್ದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತರಬೇಡಿ. ಎರಡನೆಯದು ತೆರೆಯಿತು. ಎಫ್12 ಒತ್ತಿ ಪೆನ್‌ಡ್ರೈವಿನಿಂದ ಬೂಟ್ ಮಾಡಿ, 10 ಬಿಟ್ ಫೈಲು ಓಡಿಸಿ, ಕೀಬೋರ್ಡಿನ 'ಓ' ಒತ್ತಿದೆ. ಡಿಕೋಡರ್ ಹೆಸರಿನ ಪಕ್ಕ 'ಎಚ್‌ಡಬ್ಲ್ಯು' ಅಂತ ಬಂದರೆ ಆ ತುಣುಕು ಕೆಲಸ ಮಾಡುತ್ತಿದೆ ಎಂದರ್ಥ. ಬಂತು. ಅಂಗಡಿಯ ಹುಡುಗ "ಆಪ್ ತೋ ಪೂರಾ ಡಾಕ್ಟರ್ ಹೈ ಸಾಬ್" ಎಂದು ನಕ್ಕ. 65 ವಾಟಿನ ಅಡಾಪ್ಟರ್ ಅದರ ಜೊತೆಯದೇ ಇದೆಯಾ ನೋಡಿಕೊಂಡು, ಇರಾನಿ ಚಹಾ ಕುಡಿದು ವಾಪಸ್.

ಮನೆಗೆ ಬಂದ ಮೇಲೆ ನನ್ನ ಜಾಣತನ ಮುಗಿಯಿತು. ಈ ಡಬ್ಬಿಯಲ್ಲಿ ಟಿವಿಗೆ ಹೊಂದುವ ಎಚ್‌ಡಿಎಂಐ ಇಲ್ಲ, ಎರಡು ಡಿಸ್‌ಪ್ಲೇಪೋರ್ಟ್ ಇವೆ. ಇದು ಗೊತ್ತಿತ್ತು. ಅದಕ್ಕೇ 180 ರೂಪಾಯಿಯ ಒಂದು ಕನ್ವರ್ಟರ್ ಊರಲ್ಲೇ ತಂದಿಟ್ಟಿದ್ದೆ. "4ಕೆ ಬರ್ತದ ಸರ್, ಗ್ಯಾರಂಟಿ" ಎಂದಿದ್ದರು. ಬಂದದ್ದು 1080, ಅಂದರೆ ಬರೀ ಫುಲ್ ಎಚ್‌ಡಿ. ಮೂರು ದಿನ ಕೇಬಲ್ ಬದಲಿಸಿದೆ, ಟಿವಿಯ ಸೆಟ್ಟಿಂಗ್ ತಿರುವಿದೆ, ಲಿಬ್ರೆಎಲೆಕ್ ಎರಡು ಸಲ ಹೊಸದಾಗಿ ಹಾಕಿದೆ. ತಪ್ಪು ಇದ್ದದ್ದು ಆ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕಿನಲ್ಲಿ. ಅದು ಪ್ಯಾಸಿವ್ ಜಾತಿಯದು. ಕಂಪ್ಯೂಟರ್ ಕೊಟ್ಟ ಸಿಗ್ನಲ್ಲಿನ ವೋಲ್ಟೇಜ್ ಸರಿಮಾಡಿ ಮುಂದೆ ದಾಟಿಸುತ್ತದೆ ಅಷ್ಟೆ. ಆ್ಯಕ್ಟಿವ್ ಜಾತಿಯದರಲ್ಲಿ ಒಂದು ಚಿಪ್ಪು ಇದ್ದು, ಡಿಸ್‌ಪ್ಲೇಪೋರ್ಟಿನ ಭಾಷೆಯನ್ನೇ ಎಚ್‌ಡಿಎಂಐ 2.0 ಆಗಿ ಬದಲಿಸುತ್ತದೆ. 950 ಕೊಟ್ಟು ಅದನ್ನು ತರಿಸಿದೆ. ಚುಚ್ಚಿದ ಕೂಡಲೇ 4ಕೆ, 60 ಹರ್ಟ್ಸ್. ಇಡೀ ಡಬ್ಬಿಯಲ್ಲಿ ಜಿಪುಣತನ ಮಾಡಬಾರದಿದ್ದ ಜಾಗ ಅದೊಂದೇ, ನಾನು ಮಾಡಿದ್ದೂ ಅಲ್ಲೇ.

ಕೋಡಿಯಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಆನ್ ಮಾಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿಯೂ 24ಕ್ಕೆ ಇಳಿದರೆ ಕ್ಯಾಮೆರಾ ಅಡ್ಡ ತಿರುಗುವಾಗ ಆಗುವ ಜರ್ಕು ಹೋಗುತ್ತದೆ.

ಸಾಮಾನು ಉಳಿದಿದೆಯಲ್ಲಾ ಎಂದು ಹಳೇ ಲ್ಯಾಪ್‌ಟಾಪಿನ 500 ಜಿಬಿ ಹಾರ್ಡ್‌ಡಿಸ್ಕನ್ನು ಡಬ್ಬಿಯೊಳಗಿನ ಖಾಲಿ ಜಾಗಕ್ಕೆ ಕೂರಿಸಿದೆ. ಚಳಿಗಾಲದಲ್ಲಿ ಏನೂ ಅನ್ನಿಸಲಿಲ್ಲ. ಏಪ್ರಿಲ್ ಬಂತು. ನಮ್ಮ ಕಲಬುರಗಿಯ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲವೂ ಕಾಲಿಗೆ ಬೆಚ್ಚಗಿರುತ್ತದೆ. ಕೋಣೆಯೊಳಗೇ 38 ಡಿಗ್ರಿ. ಹಾರ್ಡ್‌ಡಿಸ್ಕ್ 56 ತೋರಿಸಿತು. ಇಂಥ ಡಿಸ್ಕುಗಳಿಗೆ ಸಾಮಾನ್ಯವಾಗಿ 60 ಕೊನೆ. ಅವತ್ತೇ ಹೊರಗೆ ತೆಗೆದು ಯುಎಸ್‌ಬಿ ಕೇಸಿನಲ್ಲಿ ಹಾಕಿ, ಟಿವಿಯ ಹಿಂದೆ ಗಾಳಿಗಿಟ್ಟೆ. ಜೊತೆಗೆ ಪ್ರೊಸೆಸರ್ ಮೇಲಿನ, ಬಿಸಿ ದಾಟಿಸುವ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಹಳೆಯದು ಒಣಗಿದ ಸುಣ್ಣದ ಹಾಗೆ ಉದುರಿತು. ಫ್ಯಾನಿನಲ್ಲಿ ಧೂಳು ಹತ್ತಿಯಂತೆ ಕೂತಿತ್ತು, ಬ್ರಶ್ಶಿನಿಂದ ತೆಗೆದೆ. ಈಗ 4ಕೆ ಓಡುವಾಗಲೂ ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಇದರದ್ದು ಕೇಳುವುದಿಲ್ಲ. ಮೀಟರ್ ಹಾಕಿ ನೋಡಿದೆ, 15 ವಾಟ್ ಆಸುಪಾಸು. ಇನ್ವರ್ಟರಿಗೆ ಇದು ಲೆಕ್ಕಕ್ಕೇ ಇಲ್ಲ.

ಕರೆಂಟ್ ಹೋಗಿ ಬರುವ ಮನೆಗಳಿಗೆ ಒಂದು ಮಾತು. ಬಯೋಸಿನಲ್ಲಿ 'ಆಫ್ಟರ್ ಪವರ್ ಲಾಸ್' ಅಂತ ಇದೆ. ಅದನ್ನು 'ಪವರ್ ಆನ್' ಮಾಡಿದರೆ ಗೋಡೆಯ ಸ್ವಿಚ್ಚು ಹಾಕಿದ ಕೂಡಲೇ ಡಬ್ಬಿ ಏಳುತ್ತದೆ. ಅವ್ವ ಬಗ್ಗಿ ಸಣ್ಣ ಬಟನ್ ಹುಡುಕಬೇಕಿಲ್ಲ.

ಟಿವಿಯ ರಿಮೋಟಿನಿಂದಲೇ ಡಬ್ಬಿಯನ್ನೂ ನಡೆಸಬಹುದು ಅಂದುಕೊಂಡಿದ್ದೆ. ಆಗುವುದಿಲ್ಲ, ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಆ ಸಿಇಸಿ ಸೌಲಭ್ಯ ಇರುವುದಿಲ್ಲ. 650ಕ್ಕೆ ಯುಎಸ್‌ಬಿ ಏರ್ ರಿಮೋಟ್ ತಂದೆ. ಅದರಲ್ಲಿ 40ಕ್ಕೂ ಹೆಚ್ಚು ಬಟನ್. ಅವ್ವ ಗಾಯದ ಪಟ್ಟಿ ತಂದು ಬೇಡದ್ದನ್ನೆಲ್ಲ ಮುಚ್ಚಿ, ಓಕೆ ಬಟನ್ನಿನ ಮೇಲೆ ತನ್ನ ಹಣೆಯ ಟಿಕಳಿ ಅಂಟಿಸಿದಳು. ನಾನು ಓದಿದ ಯಾವ ರಿವ್ಯೂನಲ್ಲೂ ಈ ಉಪಾಯ ಇರಲಿಲ್ಲ.

ಒಟ್ಟು ಲೆಕ್ಕ: ಪೇಸ್ಟಿನ 250, ದಂಡವಾದ ಆ 180 ಎಲ್ಲ ಸೇರಿ 9,230. ರೈಲಿನ ಟಿಕೆಟ್, ಚಹಾ ಇದರಲ್ಲಿಲ್ಲ. ಮನೆಯಲ್ಲಿದ್ದ ಕೇಸು, ಕೇಬಲ್ಲುಗಳೂ ಇಲ್ಲ. ಒಂದು ಕೊರತೆ ಹೇಳಿಬಿಡುತ್ತೇನೆ. ಓಟಿಟಿಯವರ 4ಕೆ ಇಂಥ ಲಿನಕ್ಸ್ ಡಬ್ಬಿಯಲ್ಲಿ ಸಿಗುವುದಿಲ್ಲ, ಅವರ ಬೀಗದ ಪದ್ಧತಿಯೇ ಹಾಗೆ. ನಿಮಗೆ ಅದೇ ಮುಖ್ಯವಾದರೆ ಟಿವಿಗೆ ಚುಚ್ಚುವ ಒಂದು ಓಟಿಟಿ ಸ್ಟಿಕ್ ತಗೊಳ್ಳಿ, ಇಷ್ಟೆಲ್ಲ ಒದ್ದಾಟ ಬೇಡ. ನಮ್ಮಲ್ಲಿ ಇರುವುದು ಹಾರ್ಡ್‌ಡಿಸ್ಕಿನ ಸಾಮಾನು.

ಮದುವೆ ಕ್ಯಾಸೆಟ್ಟಿನ ಗೆರೆಗಳೂ ಹೋದವು. ಆಗಿನ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಎರಡು ಅರ್ಧ ಮಾಡಿ ಹಿಡಿಯುತ್ತಿತ್ತು, ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ, ಸೆಕೆಂಡಿಗೆ 50 ಅರ್ಧ. ಕೋಡಿಯ ಡಿಇಂಟರ್‌ಲೇಸ್ ಸೆಟ್ಟಿಂಗಿನಲ್ಲಿ 'ಮೋಷನ್ ಕಾಂಪನ್ಸೇಟೆಡ್' ಆರಿಸಿದೆ, ಕೈಗಳು ಕೈಗಳಂತೆ ಕಂಡವು. ಅವ್ವನನ್ನು ಕೂರಿಸಿ ಹಾಕಿದೆ. ಅಕ್ಷತೆ ಬಿತ್ತು, ಬಾಜಾ ಕೇಳಿಸಿತು. ಊಟದ ಪಂಕ್ತಿ ಬಂದಾಗ ಅವ್ವ ಒಮ್ಮೆಲೇ ಟಿಕಳಿ ಒತ್ತಿ ನಿಲ್ಲಿಸಿದಳು. ತೆರೆಯ ತುಂಬ ನಮ್ಮ ದೊಡ್ಡಮ್ಮ, ಹೋಳಿಗೆ ಬುಟ್ಟಿ ಹಿಡಿದು ನಗುತ್ತಿದ್ದಾರೆ.

"ನೋಡು, ಆ ಇಳಕಲ್ ಸೀರಿ ನಂದು. ಅವತ್ತ್ ಉಡ್ಲಿಕ್ಕ ಕೊಟ್ಟಿದ್ದೆ. ಇನ್ನಾ ವಾಪಸ್ ಕೊಟ್ಟಿಲ್ಲ."