ಎರಡನೇ ಕಾಗದ

9 ನವೆಂಬರ್ 2025, ಭಾನುವಾರ, ರಾತ್ರಿ ಹನ್ನೊಂದೂವರೆ

ಶಶಿ ಹೋಗಿ ಒಂದು ಗಂಟೆ ಆಯಿತು. ಅನು ಮಲಗಿದಳು, ಇವರೂ ಮಲಗಿದರು. ನನಗೆ ಮಾತ್ರ ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವನು ಒಂದು ಪ್ರಶ್ನೆ ಕೇಳಿ ಹೋದ. ಕೆಣಕಬೇಕು ಅಂತ ಕೇಳಿದ್ದಲ್ಲ, ಅದು ಗೊತ್ತು. ಆದರೂ ಕಾಲಿಗೆ ಚುಚ್ಚಿದ ಮುಳ್ಳು ಒಳಗೇ ಮುರಿದ ಹಾಗಿದೆ.

ಶುರುವಾದದ್ದು ಅನುವಿನ ಲೆಕ್ಕದಿಂದ. ಮೊನ್ನೆ ಗುರುವಾರ ವಿದ್ಯುತ್ ಕಾರು ಮಾಡುವ ಟೆಸ್ಲಾ ಕಂಪನಿಯ ಷೇರುದಾರರು ಅದರ ಮುಖ್ಯಸ್ಥ ಇಲಾನ್ ಮಸ್ಕ್ ಅವರ ಹೊಸ ಸಂಬಳದ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರಲ್ಲ. ಹತ್ತು ವರ್ಷದಲ್ಲಿ ಎಲ್ಲ ಗುರಿ ಮುಟ್ಟಿದರೆ ಹತ್ತಿರ ಹತ್ತಿರ ಒಂದು ಟ್ರಿಲಿಯನ್ ಡಾಲರ್ ಬೆಲೆಯ ಷೇರು. ಟ್ರಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ ಲಕ್ಷ ಕೋಟಿ. "ಅಮ್ಮಾ, ಲಕ್ಷ ಕೋಟಿಗೆ ಎಷ್ಟು ಸೊನ್ನೆ?" ಅಂದಳು. ಹನ್ನೆರಡು ಅಂದೆ. ಬರೆದು ನೋಡಿದಳು, ಮುಖದಲ್ಲಿ ಏನೂ ಕಾಣಲಿಲ್ಲ. ಸೊನ್ನೆ ನೋಡಿದರೆ ಯಾರಿಗೆ ತಾನೇ ಏನು ಅನ್ನಿಸುತ್ತೆ? ಆಗ ನಾನೇ ಹೇಳಿದೆ, ಸೆಕೆಂಡಿಗೆ ಒಂದು ಡಾಲರ್ ಎಣಿಸುತ್ತಾ ಹೋದರೆ ಎಷ್ಟು ಹೊತ್ತು ಬೇಕು ನೋಡು ಅಂತ.

ಪೆನ್ಸಿಲ್ ಕಚ್ಚಿಕೊಂಡು ಕೂತಳು. ಒಂದು ಲಕ್ಷ ಎಣಿಸೋಕೆ ಒಂದು ದಿನ, ಮೇಲೆ ಮೂರು ಮುಕ್ಕಾಲು ಗಂಟೆ. ಒಂದು ಕೋಟಿಗೆ ಸುಮಾರು 116 ದಿನ. ನೂರು ಕೋಟಿಗೆ 31 ವರ್ಷ 8 ತಿಂಗಳು. ಇಲ್ಲಿಗೆ ಬಂದಾಗ ನನ್ನ ಕಡೆ ನೋಡಿ, "ಅಷ್ಟು ಹೊತ್ತಿಗೆ ನಾನು ನಿನ್ನಷ್ಟು ದೊಡ್ಡವಳಾಗಿರ್ತೀನಿ" ಅಂದಳು. ಲಕ್ಷ ಕೋಟಿಗೆ ಬಂದಾಗ ಲೆಕ್ಕ ತಪ್ಪಿರಬೇಕು ಅಂತ ಅಳಿಸಿ ಮತ್ತೆ ಮಾಡಿದಳು. ತಪ್ಪಿರಲಿಲ್ಲ. 31,600 ವರ್ಷಕ್ಕೂ ಹೆಚ್ಚು. ಅಷ್ಟು ವರ್ಷದ ಹಿಂದೆ ಮನುಷ್ಯರಿಗೆ ಬೇಸಾಯವೇ ಗೊತ್ತಿರಲಿಲ್ಲ. ಆವತ್ತು ಗುಹೆಯಲ್ಲಿ ಕೂತು ಎಣಿಸೋಕೆ ಶುರುಮಾಡಿದ್ದರೂ ಈಗಷ್ಟೇ ಮುಗಿಯುತ್ತಿತ್ತು. ಅವಳು ಪೆನ್ಸಿಲ್ ಇಟ್ಟಳು. ಮಗುವಿನ ಮುಖದಲ್ಲಿ ಭಯವಾದ ಹಾಗೆ ಏನೋ ಬಂದು ಹೋಯಿತು.

ಅಷ್ಟರಲ್ಲಿ ಶಶಿ ಬಂದ. ಹಾಳೆ ನೋಡಿ ನಕ್ಕ.

"ಚಿಕ್ಕಮ್ಮ, ಮಗೂಗೆ ಯಾಕೆ ಈಗ್ಲೇ ಹೊಟ್ಟೆಕಿಚ್ಚು ಕಲಿಸ್ತೀರಾ?"

ಶಶಿ ಒಳ್ಳೆಯ ಹುಡುಗ. ಎರಡು ವರ್ಷದಿಂದ ದುಡಿಯುತ್ತಿದ್ದಾನೆ, ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಷೇರಿಗೆ ಹಾಕುತ್ತಾನೆ, ಅಕ್ಕನ ಸಾಲ ತೀರಿಸಿದ್ದೂ ಅವನೇ. ಅವನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. "ಕೊಟ್ಟೇ ಬಿಟ್ರು ಅಂದ್ಕೊಂಡ್ರಾ? ಕಂಪನಿ ಬೆಲೆ 8.5 ಟ್ರಿಲಿಯನ್‌ಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಪೂರ್ತಿ ಸಿಗಲ್ಲ. ಹೋಯ್ತು ಅಂದ್ರೆ ಷೇರು ಇಟ್ಕೊಂಡೋರೆಲ್ಲ ಉದ್ಧಾರ. ನೂರಕ್ಕೆ ಎಪ್ಪತ್ತೈದಕ್ಕೂ ಜಾಸ್ತಿ ಮತ ಬಿದ್ದಿದೆ. ಯಾರ ಜೇಬಿಂದ ಕಿತ್ಕೊಂಡ್ರು ಹೇಳಿ."

ನಾರ್ವೆ ದೇಶದ ಸರ್ಕಾರಿ ನಿಧಿಯವರು ವಿರುದ್ಧ ಮತ ಹಾಕಿದರು, ಅವರೂ ದೊಡ್ಡ ಷೇರುದಾರರೇ ಅಂದೆ. ಅದೊಂದು ಉತ್ತರವಾಗಲಿಲ್ಲ, ನನಗೂ ಗೊತ್ತು. ಹೊಟ್ಟೆಕಿಚ್ಚು ಅನ್ನೋ ಪದ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಪಕ್ಕದ ಮನೆಯವಳ ಸರ ನೋಡಿ ನನಗೂ ಬೇಕು ಅನ್ನಿಸಿದರೆ ಅದು ಹೊಟ್ಟೆಕಿಚ್ಚು. ಆ ದುಡ್ಡು ನನಗೆ ಬೇಡ. ಕೊಟ್ಟರೂ ಏನು ಮಾಡಲಿ? ನನಗೆ ಉರಿಯೋದು ಬೇರೆ ಕಡೆ, ಅದನ್ನು ಅವನಿಗೆ ಬಿಡಿಸಿ ಹೇಳೋಕೆ ಹೊರಟೆ.

ನನಗೆ ಗೊತ್ತಿರೋದು ಸಂಬಳದ ಲೆಕ್ಕ. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಒಬ್ಬ ನೌಕರನ ಕೈಗೆ ಸಂಬಳ ಸೇರೋ ಮೊದಲೇ ನಾನು ಅದರಲ್ಲಿ ತೆರಿಗೆ ಮುರಿದುಕೊಂಡಿರುತ್ತೇನೆ. ಅವನು ಆ ದುಡ್ಡನ್ನು ಕಣ್ಣಲ್ಲೂ ನೋಡಿರೋದಿಲ್ಲ. ಮಗಳ ಫೀಸು ಇದೆ ಮೇಡಂ, ಈ ತಿಂಗಳು ಬಿಟ್ಟು ಮುಂದಿನ ತಿಂಗಳು ಮುರ್ಕೊಳ್ಳಿ ಅಂದರೆ ಆಗೋದಿಲ್ಲ. ಆದರೆ ಆಸ್ತಿಯೆಲ್ಲ ಷೇರಿನಲ್ಲಿರುವವರಿಗೆ ಹೀಗೆ ಮುರಿಯುವವರೇ ಇಲ್ಲ. ಷೇರಿನ ಬೆಲೆ ಹತ್ತು ಪಟ್ಟು ಏರಿದರೂ ಮಾರುವ ತನಕ ಅದು ಆದಾಯವಲ್ಲ. ಮಾರೋದು ಯಾಕೆ? ಅದನ್ನೇ ಅಡ ಇಟ್ಟರೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತೆ. ಸಾಲವೂ ಆದಾಯವಲ್ಲ, ಅದಕ್ಕೂ ತೆರಿಗೆ ಇಲ್ಲ. ಆ ಸಾಲದಲ್ಲೇ ಬದುಕು. ಅಮೆರಿಕದಲ್ಲಿ ಅವರು ತೀರಿಕೊಂಡ ಮೇಲೆ ಮಕ್ಕಳ ಕೈಗೆ ಬಂದ ಷೇರಿಗೆ ಆವತ್ತಿನ ಬೆಲೆಯೇ ಕೊಂಡ ಬೆಲೆ ಅಂತ ಲೆಕ್ಕ. ಅಲ್ಲಿಯ ತನಕ ಏರಿದ್ದೆಲ್ಲ ಆದಾಯ ತೆರಿಗೆಯ ಕಣ್ಣಿಗೆ ಬೀಳದೆ ದಾಟಿಹೋಗುತ್ತೆ.

ಇದು ನಾನು ಕಟ್ಟಿದ ಕಥೆಯಲ್ಲ. 2021ರ ಜೂನ್‌ನಲ್ಲಿ ಪ್ರೊಪಬ್ಲಿಕಾ ಅನ್ನೋ ಸುದ್ದಿಸಂಸ್ಥೆ ಅಲ್ಲಿನ ಅತಿ ಶ್ರೀಮಂತರ ತೆರಿಗೆ ದಾಖಲೆಗಳನ್ನು ಬಯಲಿಗಿಟ್ಟಿತು. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ 2007ರಲ್ಲಿ ಮತ್ತು 2011ರಲ್ಲಿ, ಮಸ್ಕ್ 2018ರಲ್ಲಿ, ಫೆಡರಲ್ ಆದಾಯ ತೆರಿಗೆ ಅಂತ ಒಂದು ಡಾಲರೂ ಕಟ್ಟಿರಲಿಲ್ಲ. ಕಾನೂನು ಮುರಿದಿರಲೂ ಇಲ್ಲ. ಆ ಎರಡನೇ ವಾಕ್ಯವೇ ನನ್ನನ್ನು ಸುಡೋದು. ಮುರಿದಿದ್ದರೆ ಹಿಡಿಯಬಹುದಿತ್ತು.

ಶಶಿ ಬಿಡಲಿಲ್ಲ. "ಆಮೇಲೆ 2021ರದ್ದು 11 ಬಿಲಿಯನ್‌ಗೂ ಜಾಸ್ತಿ ಕಟ್ತೀನಿ ಅಂತ ಮಸ್ಕ್ ಹೇಳಿದ್ರಲ್ಲ?" ಹೌದು, ಹೇಳಿದರು. ಅವನು ಹೇಳಿದ್ದು ಸರಿ. ಯಾವ ವರ್ಷ ಕಟ್ಟಬೇಕು, ಯಾವ ವರ್ಷ ಬೇಡ ಅನ್ನೋದನ್ನು ತಾವೇ ತೀರ್ಮಾನಿಸಬಹುದಲ್ಲ, ನಾನು ಹೇಳುತ್ತಿರುವುದೂ ಅದನ್ನೇ ಮರಿ ಅಂದೆ. ಆ ಅನುಕೂಲ ನಿನಗಿದೆಯಾ? ಸುಮ್ಮನಾದ.

ಈ ಮಧ್ಯೆ ಅನು ಯಾವಾಗ ಸೋಫಾ ಮೇಲೆ ನಿದ್ದೆ ಹೋದಳೋ ಗೊತ್ತಾಗಲಿಲ್ಲ. ಬೆರಳ ತುದಿಯಲ್ಲಿ ಪೆನ್ಸಿಲ್ ಕಪ್ಪು. ಎತ್ತಿಕೊಂಡು ಹೋಗಿ ಮಲಗಿಸಿದೆ. ಎಷ್ಟು ಭಾರವಾಗಿದ್ದಾಳೆ! ಇನ್ನು ಎಷ್ಟು ದಿನ ಎತ್ತೋಕಾಗುತ್ತೋ.

ವಾಪಸು ಬಂದಾಗ ಶಶಿ ಫೋನಿನಲ್ಲಿ ಏನೋ ನೋಡುತ್ತಿದ್ದ. "ಸರಿ, ವ್ಯವಸ್ಥೆ ಸರಿಯಿಲ್ಲ ಅಂತಾನೇ ಇಟ್ಕೊಳ್ಳೋಣ. ಅದಕ್ಕೆ ಊರಿಗೆ ಬೆಂಕಿ ಹಾಕೋದಾ? ಚಿಲಿಯಲ್ಲಿ ಮೆಟ್ರೋ ದರ 30 ಪೆಸೊ ಏರಿಸಿದ್ದಕ್ಕೆ ಸ್ಟೇಷನ್ನುಗಳನ್ನೇ ಸುಟ್ರು."

2019ರ ಅಕ್ಟೋಬರ್. ನನಗೆ ಚೆನ್ನಾಗಿ ನೆನಪಿದೆ. ಮೊದಲು ಶಾಲೆ ಮಕ್ಕಳು ಟಿಕೆಟ್ ಗೇಟು ಹಾರಿದರು. ಅದೇ ದಿನಗಳಲ್ಲಿ ಅಲ್ಲಿನ ಆರ್ಥಿಕ ಸಚಿವರು, ಬೆಳಿಗ್ಗೆ ಬೇಗ ಏಳುವವರಿಗೆ ಕಡಿಮೆ ದರದ ಅನುಕೂಲ ಇದೆಯಲ್ಲ ಅನ್ನೋ ಅರ್ಥದ ಮಾತಾಡಿದ್ದರು. ಕತ್ತಲಲ್ಲೇ ಎದ್ದು ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವರಿಗೆ ಇನ್ನೂ ಬೇಗ ಏಳಿ ಅಂದ ಹಾಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ. "30 ಪೆಸೊ ಅಲ್ಲ, 30 ವರ್ಷ" ಅಂತ ಬರೆದುಕೊಂಡು ಜನ ಬೀದಿಗೆ ಬಂದರು, ಅಷ್ಟು ವರ್ಷ ಸಹಿಸಿದ ಅನ್ಯಾಯ ಅನ್ನೋ ಅರ್ಥದಲ್ಲಿ. ಅಕ್ಟೋಬರ್ 25ರಂದು ಸಾಂಟಿಯಾಗೊ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ. ಪೊಲೀಸರ ಚರೆ ಗುಂಡು ತಾಗಿ ನೂರಾರು ಜನರ ಕಣ್ಣಿಗೆ ಪೆಟ್ಟಾಯಿತು, ಎಷ್ಟೋ ಜನ ದೃಷ್ಟಿ ಕಳೆದುಕೊಂಡರು. ಸ್ಟೇಷನ್ ಸುಟ್ಟಿದ್ದನ್ನು ನಾನು ಒಪ್ಪೋದಿಲ್ಲ. ಅದೇ ರೈಲಿನಲ್ಲಿ ಓಡಾಡೋದು ಬಡವರೇ ತಾನೇ. ಶಶಿಗೂ ಅದನ್ನೇ ಹೇಳಿದೆ. ಆದರೆ ಬೆಂಕಿ ನೋಡಿದವರು 30 ವರ್ಷ ನೋಡದೇ ಹೋದರೆ ಅದೂ ಅನ್ಯಾಯ.

ಫ್ರಾನ್ಸಿನದ್ದೂ ಹೇಳಿದೆ. 2018ರ ಶುರುವಿನಲ್ಲಿ ಅಲ್ಲಿ ಶ್ರೀಮಂತರ ಒಟ್ಟು ಆಸ್ತಿಯ ಮೇಲಿದ್ದ ತೆರಿಗೆ ತೆಗೆದು, ಬರೀ ಮನೆ ಜಮೀನಿಗೆ ಸೀಮಿತ ಮಾಡಿದರು. ಅದೇ ನವೆಂಬರಿನಲ್ಲಿ ಡೀಸೆಲ್ ತೆರಿಗೆ ಏರಿಸುತ್ತಾರೆ ಅಂತ ಸಿಟ್ಟಾದವರು ಹಳದಿ ಜಾಕೆಟ್ ತೊಟ್ಟು ರಸ್ತೆಗಿಳಿದರು. ಪ್ರತಿಯೊಬ್ಬರೂ ಕಾರಿನಲ್ಲಿ ಇಟ್ಟುಕೊಳ್ಳಲೇಬೇಕು ಅಂತ ಸರ್ಕಾರವೇ ಕಡ್ಡಾಯ ಮಾಡಿದ್ದ ಜಾಕೆಟ್ ಅದು. ರಾತ್ರಿ ಗಾಡಿ ಕೆಟ್ಟರೆ ಹಾಕಿಕೊಂಡು ಇಳಿಯಬೇಕು, ಬೇರೆಯವರ ಕಣ್ಣಿಗೆ ಕಾಣಲಿ ಅಂತ. ನಾವೂ ಇದ್ದೇವೆ, ಕಾಣಿಸುತ್ತಿದ್ದೇವಾ ಅಂತ ಅವರು ಕೇಳಿದ ಹಾಗೆ ನನಗೆ ಅನ್ನಿಸಿತ್ತು. ಈಗ ಒಂಬತ್ತು ದಿನದ ಹಿಂದೆ, ಅಕ್ಟೋಬರ್ 31ಕ್ಕೆ, ಹತ್ತು ಕೋಟಿ ಯೂರೋ ಮೀರಿದ ಆಸ್ತಿಗೆ ವರ್ಷಕ್ಕೆ ಕನಿಷ್ಠ ನೂರಕ್ಕೆ ಎರಡು ತೆರಿಗೆ ಹಾಕೋಣ ಅನ್ನೋ ಪ್ರಸ್ತಾಪ ಅದೇ ದೇಶದ ಸಂಸತ್ತಿನಲ್ಲಿ ಬಿದ್ದುಹೋಯಿತು. ಬರೀ ಎರಡು.

ಆದರೆ ಇವತ್ತು ಬರೆಯಬೇಕಾದ್ದು ಇದಲ್ಲ.

ಮಾತು 2008ಕ್ಕೆ ಹೋಯಿತು. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ಮುಳುಗಿತು. ಮೂರು ವಾರ ತುಂಬುವುದರೊಳಗೆ ಅಮೆರಿಕದ ಸಂಸತ್ತು ಹಣಕಾಸು ಸಂಸ್ಥೆಗಳನ್ನು ಉಳಿಸೋಕೆ 70,000 ಕೋಟಿ ಡಾಲರ್ ಮಂಜೂರು ಮಾಡಿತು. ಲಕ್ಷಾಂತರ ಸಂಸಾರಗಳು ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜನರ ದುಡ್ಡಿನಿಂದ ಉಸಿರು ಉಳಿಸಿಕೊಂಡ ಎಐಜಿ ಅನ್ನೋ ವಿಮಾ ಕಂಪನಿ, 2009ರ ಮಾರ್ಚಿನಲ್ಲಿ, ತನ್ನನ್ನು ಮುಳುಗಿಸಿದ ವಿಭಾಗದವರಿಗೇ ಸುಮಾರು 16.5 ಕೋಟಿ ಡಾಲರ್ ಬೋನಸ್ ಹಂಚಿತು. ಒಪ್ಪಂದದಲ್ಲಿದೆ, ಕೊಡಲೇಬೇಕು ಅಂದರು. ಕೆಲಸ ಹೋದವರ ಜೊತೆ ಯಾವ ಒಪ್ಪಂದವೂ ಇರಲಿಲ್ಲವಾ?

ಇದನ್ನು ಹೇಳುವಾಗ ನನ್ನ ದನಿ ಏರಿತ್ತಂತೆ. ಶಶಿ "ಚಿಕ್ಕಮ್ಮ, ನಿಮಗೇನಾಯ್ತು, ಅಮೆರಿಕದ ವಿಷಯಕ್ಕೆ ಯಾಕೆ ಇಷ್ಟೊಂದು?" ಅಂದ. ಆಗ ಬಾಯಿಬಿಟ್ಟೆ. ಇವರಿಗೂ ಪೂರ್ತಿ ಹೇಳಿರಲಿಲ್ಲ.

ಹೋದ ವರ್ಷ ನಾನಿದ್ದ ಕಂಪನಿಯಲ್ಲಿ 43 ಜನರನ್ನು ತೆಗೆದರು. ಖರ್ಚು ಕಡಿಮೆ ಮಾಡಬೇಕು ಅನ್ನೋ ಕಾರಣ. 43 ಕಾಗದಗಳನ್ನು ಪ್ರಿಂಟ್ ತೆಗೆದು, ಹೆಸರು ತಾಳೆ ನೋಡಿ, ಕವರಿಗೆ ಹಾಕಿದವಳು ನಾನು. ಅದೇ ದಿನ ಮಧ್ಯಾಹ್ನ ಇನ್ನೊಂದು ಕಾಗದ ಬಂತು. ಮೇಲಿನವರೊಬ್ಬರಿಗೆ, ವರ್ಷದ ಖರ್ಚು ಗುರಿಗಿಂತ ಹೆಚ್ಚು ಇಳಿಸಿದ್ದಕ್ಕೆ ಬೋನಸ್. ಆ 43 ಜನರ ವರ್ಷದ ಸಂಬಳ ಪೂರ್ತಿ ಕೂಡಿಸಿದರೂ ಅದಕ್ಕೆ ಸಮ ಬರುತ್ತಿರಲಿಲ್ಲ. ಕೂಡಿಸಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಒಂದೇ ಪ್ರಿಂಟರು, ಒಂದೇ ಕಟ್ಟಿನ ಕಾಗದ. ಎರಡನೆಯದು ಟ್ರೇಗೆ ಬಂದಾಗ ಇನ್ನೂ ಬೆಚ್ಚಗಿತ್ತು.

ಕೆಲಸ ಹೋದವರಲ್ಲಿ ಒಬ್ಬರು, ಹೆಸರು ಬೇಡ, ನನ್ನ ಟೇಬಲ್ಲಿನ ಹತ್ತಿರವೇ ನಿಂತು ಓದಿದರು. ಎರಡು ಸಲ ಓದಿದರು. "ಸಹಿ ಎಲ್ಲಿ ಹಾಕ್ಬೇಕು ಮೇಡಂ?" ಅಂದರು. ತೋರಿಸಿದೆ. ನನ್ನ ಪೆನ್ನೇ ಕೊಟ್ಟೆ. ಸಹಿ ಹಾಕಿ, ಕ್ಯಾಪು ಮುಚ್ಚಿ, ಪೆನ್ನನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಆಮೇಲೆ ಉಳಿದವರು ಯಾರಿಗೆ ಬೈದರು ಗೊತ್ತಾ? ಆ 43 ಜನರ ಜಾಗಕ್ಕೆ ಅರ್ಧ ಸಂಬಳಕ್ಕೆ ಬಂದ ಕಾಂಟ್ರಾಕ್ಟ್ ಹುಡುಗರಿಗೆ. ಇವರಿಂದಲೇ ಹಾಳಾಯ್ತು, ಕಡಿಮೆಗೆ ಒಪ್ಪಿಕೊಂಡು ಬರ್ತಾರೆ, ಮಾನ ಮರ್ಯಾದೆ ಇಲ್ಲ ಅಂತ. ಆ ಹುಡುಗರು ಒಂದು ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಊಟ ಮಾಡುತ್ತಿದ್ದರು. ಎದುರಿಗೆ ಕಾಣೋರು ಅವರೇ, ಹಾಗಾಗಿ ಸಿಟ್ಟು ಬಿದ್ದದ್ದೂ ಅವರ ಮೇಲೇ. ಮೇಲಿನವರು ಯಾವತ್ತೂ ನಮ್ಮ ಮಹಡಿಗೆ ಇಳಿದವರಲ್ಲ. ಜಗತ್ತಿನ ಅರ್ಧ ಜನರ ಕೈಯಲ್ಲಿ ಒಟ್ಟು ಸಂಪತ್ತಿನ ನೂರಕ್ಕೆ ಎರಡು ಭಾಗ ಮಾತ್ರ ಇದೆ, ಮೇಲಿನ ಹತ್ತನೇ ಒಂದು ಪಾಲು ಜನರ ಹತ್ತಿರ 76 ಭಾಗ ಇದೆ ಅಂತ 2022ರ ವಿಶ್ವ ಅಸಮಾನತೆ ವರದಿ ಹೇಳುತ್ತೆ. ಆ ಎರಡು ಭಾಗದೊಳಗೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡಿದ್ದೇವೆ. ಎರಡನೇ ಕಾಗದದ ವಿಷಯ ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶಶಿ ಬಹಳ ಹೊತ್ತು ಮಾತಾಡಲಿಲ್ಲ. ಎದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಕೇಳಿದ, "ನಿಮಗೆ ಗೊತ್ತಿತ್ತಲ್ಲ ಚಿಕ್ಕಮ್ಮ. ನೀವ್ಯಾಕೆ ಹೇಳ್ಲಿಲ್ಲ?"

ಹುಷಾರಾಗಿ ಹೋಗು ಅಂದೆ. ಬಾಗಿಲು ಹಾಕಿಕೊಂಡೆ.

ಯಾಕೆ ಹೇಳಲಿಲ್ಲ? ಸಂಬಳದ ಲೆಕ್ಕ ಗುಟ್ಟಾಗಿಡಬೇಕು ಅಂತ ಸೇರುವಾಗಲೇ ಸಹಿ ಹಾಕಿದ್ದೆ. ಇವರ ಆಪರೇಷನ್ ಆಗಿ ಮೂರು ತಿಂಗಳಾಗಿತ್ತಷ್ಟೇ. 44ನೇ ಕಾಗದ ನನ್ನದಾಗಬಾರದು ಅಂತಿತ್ತು. ಇವೆಲ್ಲ ನಿಜ. ಆದರೆ ಆ ದಿನ ಅವರು ಪೆನ್ನು ವಾಪಸು ಕೊಟ್ಟಾಗ ಎರಡನೇ ಕಾಗದ ನನ್ನ ಡ್ರಾಯರಿನಲ್ಲೇ ಇತ್ತು. ಡ್ರಾಯರು ಒಂದು ಬೆರಳಷ್ಟು ತೆರೆದೇ ಇತ್ತು. ನಾನು ಅದನ್ನು ಮೊಣಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿದೆ, ಅವರು ನೋಡಬಾರದು ಅಂತಲಾ, ಇಲ್ಲಾ ನೋಡಿಬಿಟ್ಟರೆ ನನ್ನ ಮುಖವನ್ನೂ ನೋಡುತ್ತಾರಲ್ಲ ಅಂತ