ಒಂದು ಬಕೆಟ್ ನೀರು, ಎಂಟು ಸಾವಿರದ ಬಿಲ್ಲು

ಮಳೆಗಾಲದಲ್ಲಿ ನನ್ನ ದಿನ ಶುರುವಾಗುವುದೇ ಬಕೆಟ್ಟಿನಿಂದ. ಧಾರವಾಡದ ಒಂದು ಹಳೆಯ ಹೆಂಚಿನ ಮನೆಯಲ್ಲಿ ನಮ್ಮ ಪುಟ್ಟ ಕಲಾ ಮ್ಯೂಸಿಯಂ ಇದೆ. ಒಳಗೆ ಎರಡು ಡಿಹ್ಯುಮಿಡಿಫೈಯರ್‌ಗಳಿವೆ. ಗಾಳಿಯ ತೇವ ಹೀರಿ ನೀರು ಮಾಡುವ ಯಂತ್ರ ಅದು. ಜುಲೈನಲ್ಲಿ ಬೆಳಗಾಗುವಷ್ಟರಲ್ಲಿ ಎರಡೂ ಸೇರಿ ಒಂದು ಬಕೆಟ್ ತುಂಬಿಸುತ್ತವೆ. ವಾಚ್‌ಮನ್ ಅದನ್ನು ತಂದು ನನ್ನ ಮುಂದಿಟ್ಟು, "ನೋಡ್ರಿ ಮೇಡಂ, ಇಷ್ಟೂ ನೀರು ಚಿತ್ರಗೋಳು ಕುಡೀತಿದ್ವು" ಅನ್ನುತ್ತಾನೆ. ಆಮೇಲೆ ಅದು ಅಂಗಳದ ತುಳಸಿಗೆ.

ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತಿಯಾದವಳು. ಚಿತ್ರಕಲೆ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಲೆಕ್ಕ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಟ್ರಸ್ಟಿನವರು ಹಣ ಕೂಡಿಸುವ ಕೆಲಸ ನನಗೆ ಹಚ್ಚಿದರು. ಸಾಲ ವಸೂಲಿ ಮಾಡಿದವಳಿಗೆ ದೇಣಿಗೆ ವಸೂಲಿ ಏನು ಮಹಾ ಅಂದುಕೊಂಡಿದ್ದೆ. ಸಾಲಗಾರ ಕೊಡಲೇಬೇಕು, ದಾನಿ ಕೊಡಬೇಕಿಲ್ಲ. ಈ ವ್ಯತ್ಯಾಸ ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು.

ನಮ್ಮಲ್ಲಿರುವುದು ಹೆಚ್ಚಾಗಿ ಕಾಗದದ ಮೇಲಿನ ಚಿತ್ರಗಳು. ಧಾರವಾಡದ ಕಲಾವಿದ ಹಾಲಭಾವಿಯವರ ಕಲಾಶಾಲೆಯಲ್ಲಿ ಕಲಿತವರು ಬರೆದ ಜಲವರ್ಣಗಳು, ಗದಗಿನ ಕಡೆಯ ಕಲಾವಿದರ ರೇಖಾಚಿತ್ರಗಳು, ಯಾರದೋ ಅಟ್ಟದಿಂದ ಬಂದ ಗಾಜಿನ ಚಿತ್ರಗಳು. ಕಾಗದಕ್ಕೆ ತೇವವೇ ಶತ್ರು. ಕೋಣೆಯ ತೇವಾಂಶ ಶೇ. 50ರ ಆಸುಪಾಸು ಇದ್ದರೆ ಚಿತ್ರ ಸುಖವಾಗಿರುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಸುಮ್ನೆ 80 ದಾಟುತ್ತದೆ. ಆಗ ಬೂಸ್ಟು ಬರುತ್ತದೆ, ಕಂದು ಚುಕ್ಕೆ ಬೀಳುತ್ತದೆ, ಹುಳ ಹತ್ತುತ್ತದೆ. ಯಂತ್ರ ಹಗಲೂ ರಾತ್ರಿ ಓಡಲೇಬೇಕು. ಬೇಸಿಗೆಯಲ್ಲಿ ಮೂರು ಸಾವಿರ ಬರುವ ಕರೆಂಟ್ ಬಿಲ್ಲು ಆಗ ಎಂಟು ಸಾವಿರಕ್ಕೆ ಹೋಗುತ್ತದೆ.

ಈ ಎಂಟು ಸಾವಿರಕ್ಕೆ ದಾನಿ ಸಿಗುವುದಿಲ್ಲ.

ಹೊಸ ಗ್ಯಾಲರಿ ಕಟ್ಟುತ್ತೇವೆ ಅನ್ನಿ, ಐದು ಲಕ್ಷ ಕೊಡುವವರು ಬರುತ್ತಾರೆ. ಗೋಡೆಗೆ ಹೆಸರಿನ ಕಲ್ಲು ಹಾಕಬಹುದಲ್ಲ. ಉದ್ಘಾಟನೆ, ಹಾರ, ಶಾಲು, ಪೇಪರಿನಲ್ಲಿ ಫೋಟೋ. ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರು ಕೆತ್ತುತ್ತೀರಿ? ಗುಡಿಗಳಲ್ಲಿ ಫ್ಯಾನಿನ ಮೂರೂ ರೆಕ್ಕೆಗೆ ದಾನಿಯ ಹೆಸರು ಬರೆದಿರುತ್ತಾರೆ, ನೋಡಿರುತ್ತೀರಿ. ಟ್ಯೂಬ್‌ಲೈಟಿನ ಮೇಲೆ ಎಷ್ಟು ದೊಡ್ಡ ಅಕ್ಷರ ಅಂದರೆ ಬೆಳಕೇ ಹೊರಗೆ ಬರದು. ಮೊದಲು ನಗುತ್ತಿದ್ದೆ. ಈಗ ಆ ಗುಡಿಯ ಕಮಿಟಿಯವರ ಜಾಣತನಕ್ಕೆ ಕೈ ಮುಗಿಯುತ್ತೇನೆ.

ದೊಡ್ಡ ಕಂಪನಿಗಳ ಬಾಗಿಲೂ ತಟ್ಟಿದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಎಂಬ ಪಟ್ಟಿ ಏಳನೇ ಶೆಡ್ಯೂಲಿನಲ್ಲಿದೆ. ಕಲೆ, ಸಂಸ್ಕೃತಿ, ಕಲಾಕೃತಿಗಳ ಸಂರಕ್ಷಣೆ ಎಲ್ಲ ಅದರಲ್ಲಿವೆ. ಅಂಥ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಮಾಡಿಸಿ, ಫೈಲು ಹಿಡಿದು, ಎರಡು ಕಿಲೋ ಪೇಡೆ ಕಟ್ಟಿಸಿಕೊಂಡು ಬೆಂಗಳೂರಿಗೆ ಹೋದೆ. ಒಂದು ಕಂಪನಿಯ ಹುಡುಗಿ ತುಂಬ ಪ್ರೀತಿಯಿಂದ ಮಾತಾಡಿಸಿದಳು. ಆಮೇಲೆ ಕೇಳಿದಳು: "ಫಲಾನುಭವಿಗಳು ಎಷ್ಟು ಜನ ಮೇಡಂ?"

"612 ಚಿತ್ರಗಳು" ಅಂದೆ.

ಆಕೆಯ ಎಕ್ಸೆಲ್ ಶೀಟಿನಲ್ಲಿ ಚಿತ್ರಕ್ಕೆ ಕಾಲಮ್ ಇರಲಿಲ್ಲ. ಶಾಲೆಯ ಶೌಚಾಲಯವಾದರೆ ಎಷ್ಟು ಮಕ್ಕಳು ಎಂದು ತುಂಬಬಹುದು. ಆಕೆಯದು ತಪ್ಪು ಅಂತ ನಾನು ಹೇಳಲಾರೆ. ಶೌಚಾಲಯವೂ ಬೇಕು. ಪೇಡೆ ಕೊಟ್ಟು ರಾತ್ರಿ ರೈಲಿಗೆ ಹತ್ತಿದೆ.

ಇನ್ನು ಹೊರದೇಶದಲ್ಲಿರುವ ನಮ್ಮವರು. ನ್ಯೂಜೆರ್ಸಿಯಿಂದ ಒಬ್ಬರು ಫೋನ್ ಮಾಡಿ ಎರಡು ಲಕ್ಷ ಕಳಿಸುತ್ತೇನೆ ಅಂದರು. ನನಗೆ ಕುಣಿಯುವಷ್ಟು ಖುಷಿ. ಆದರೂ ಬ್ಯಾಂಕಿನ ಬುದ್ಧಿ ಬಿಡದು, ಪಾಸ್‌ಪೋರ್ಟ್ ಯಾವುದು ಅಂತ ಕೇಳಿದೆ. ಅಮೆರಿಕದ್ದು. ಹಾಗಾದರೆ ಅದು ವಿದೇಶಿ ದೇಣಿಗೆ. ಅದನ್ನು ಮುಟ್ಟಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮಗೆ ನೋಂದಣಿ ಇಲ್ಲ. ದುಬೈನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಈ ತಕರಾರು ಇಲ್ಲ.

"ಅಕ್ಕಾರ, ನಾ ಸಪ್ತಾಪುರದಾಗ ಹುಟ್ಟಿ ಬೆಳದಾಂವ. ನಾ ಹೆಂಗ್ರಿ ಫಾರಿನರ್?" ಅಂದರು. ನಿಜವಾಗಿ ನೊಂದಿದ್ದರು. "ತಮ್ಮನ ಅಕೌಂಟಿಗೆ ಹಾಕಿ ಅವನ ಕಡೆಯಿಂದ ಕೊಡಸ್ಲೇನು?" ಅಂದರು. "ಬ್ಯಾಡ್ರಿ, ಅದು ಕಳ್ಳದಾರಿ" ಅಂದೆ. ಎರಡು ಲಕ್ಷ ಕೈಯಿಂದ ಜಾರುವಾಗ ಆ ಮಾತು ಹೇಳಲು ಎಷ್ಟು ಕಷ್ಟ ಅಂತ ಹಣ ಕೂಡಿಸಿದವರಿಗೇ ಗೊತ್ತು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಮೊಮ್ಮಗಳನ್ನು ಕರೆದುಕೊಂಡು ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿನ ಶಾಸನಗಳನ್ನು ನೋಡುತ್ತಿದ್ದಾಗ, ಶಾಸನ ಓದಬಲ್ಲ ಗೆಳತಿಯೊಬ್ಬಳು ಹೇಳಿದಳು: ನಮ್ಮ ದಾನಶಾಸನಗಳಲ್ಲಿ ಗುಡಿ ಕಟ್ಟಿಸಿದ್ದಷ್ಟೇ ಇರುವುದಿಲ್ಲ. ನಂದಾದೀವಿಗೆಯ ಎಣ್ಣೆಗೆ ಒಂದು ಗಾಣ, ಹೂವಿಗೆ ಒಂದು ತೋಟ, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಇಷ್ಟು ಮತ್ತರು (ಆಗಿನ ಅಳತೆ) ಭೂಮಿ ಎಂದೂ ಬರೆದಿರುತ್ತದೆ. ಖಂಡಸ್ಫುಟಿತ ಅಂದರೆ ಒಡೆದದ್ದು, ಬಿರುಕು ಬಿಟ್ಟದ್ದು. ಅಂದರೆ ಕಟ್ಟುವ ದಿನವೇ ರಿಪೇರಿಯ ಹಣ ತೆಗೆದಿಡುತ್ತಿದ್ದರು! ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಅಸಲು ಮುಟ್ಟದೆ ಅದರ ಆದಾಯದಲ್ಲಿ ಖರ್ಚು ನಡೆಸುವ ಕಾರ್ಪಸ್ ಫಂಡ್ ಇದೇ ಅಲ್ವಾ? ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳಂತೆ. ಆಕೆಯನ್ನು ನಮ್ಮ ಟ್ರಸ್ಟಿಗೆ ಸೇರಿಸಿಕೊಳ್ಳಬೇಕಿತ್ತು.

ಅದೇ ಶಾಸನಗಳ ಕೊನೆಯಲ್ಲಿ ಶಾಪವೂ ಇರುತ್ತದೆ. ಕೊಟ್ಟ ದಾನ ಕಿತ್ತುಕೊಂಡವನು 60 ಸಾವಿರ ವರ್ಷ ಮಲದ ಹುಳವಾಗಿ ಹುಟ್ಟುತ್ತಾನೆ ಎಂದು. ವೇದಿಕೆಯ ಮೇಲೆ ಐವತ್ತು ಸಾವಿರ ಘೋಷಿಸಿ, ಆಮೇಲೆ ಫೋನ್ ಎತ್ತದ ಮಹನೀಯರೊಬ್ಬರಿಗೆ ಈ ಶ್ಲೋಕ ವಾಟ್ಸಾಪ್ ಮಾಡುವ ಆಸೆ ನನಗೆ ಇನ್ನೂ ಇದೆ. ಗಂಡ ಬಿಡುತ್ತಿಲ್ಲ.

ಆ ವಾರವೇ ದಾನಿಗಳಿಗೆ ಹೊಸ ಕಾಗದ ಬರೆದೆ. 'ನಂದಾದೀವಿಗೆ' ಅಂತ ಹೆಸರಿಟ್ಟೆ. ತಿಂಗಳಿಗೆ ನೂರರಿಂದ ಐದುನೂರು, ಅಷ್ಟೇ. ಬಾಗಿಲ ಹತ್ತಿರವೇ ಬಕೆಟ್ ಇಟ್ಟು ಪಕ್ಕದಲ್ಲಿ ಚೀಟಿ ಅಂಟಿಸಿದೆ: 'ನಿನ್ನೆ ರಾತ್ರಿ ಈ ಕೋಣೆಯ ಗಾಳಿಯಿಂದ ತೆಗೆದ ನೀರು.' ಜನ ಚಿತ್ರಕ್ಕಿಂತ ಮೊದಲು ಬಕೆಟ್ ನೋಡುತ್ತಾರೆ. ಬಗ್ಗಿ ಕೈ ಹಾಕಿ ನೋಡಿದವರೂ ಇದ್ದಾರೆ. ಈಗ 64 ಜನ ಸೇರಿದ್ದಾರೆ, ತಿಂಗಳಿಗೆ 14 ಸಾವಿರದ ಹತ್ತಿರ ಬರುತ್ತದೆ. ಬಿಲ್ಲು ಕಟ್ಟಿ ಉಳಿದದ್ದು ಹೆಂಚಿಗೆ. ನ್ಯೂಜೆರ್ಸಿಯವರ ತಾಯಿ ಇಲ್ಲೇ ಮಾಳಮಡ್ಡಿಯಲ್ಲಿದ್ದಾರೆ, ನಿವೃತ್ತ ಮಾಸ್ತರಿಣಿ. ಯಾರೂ ಹೇಳದೆ ತಾವೇ ಬಂದು ತಮ್ಮ ಪೆನ್ಷನ್ನಿನಲ್ಲಿ ತಿಂಗಳಿಗೆ 300 ಬರೆಸಿದರು. ಹತ್ತು ಲಕ್ಷದ ಒಂದು ಎಫ್‌ಡಿ ಆದರೆ ಶೇ. 7ರ ಲೆಕ್ಕದಲ್ಲಿ ತಿಂಗಳಿಗೆ 5,800 ಚಿಲ್ಲರೆ ಬಡ್ಡಿ. ಅಲ್ಲಿಗೆ ಇನ್ನೂ ದೂರ ಇದೆ.

ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿಯ ಕಥೆ ಬೇರೆಯೇ ಇದೆ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಹೇಗೂ ಇಲ್ಲ. ಹಾಗಾಗಿ ತೆರಿಗೆ ಉಳಿಯುತ್ತದೆ ಅಂತ ಆಸೆ ತೋರಿಸುವ ನನ್ನ ಹಳೆಯ ಮಾತು ಈಗ ಅಷ್ಟು ನಡೆಯುವುದಿಲ್ಲ.

ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಒಬ್ಬರಿಗೆ ಮಾತ್ರ ಕಲ್ಲೇ ಬೇಕಿತ್ತು. ತಂದೆಯ ಹೆಸರಿನಲ್ಲಿ. ಗೋಡೆ ಖಾಲಿ ಇಲ್ಲ, ಯಂತ್ರ ಹಳತಾಗಿದೆ, ಹೊಸದು ಕೊಡಿಸಿದರೆ ಅದರ ಮೇಲೇ ಹೆಸರು ಅಂದೆ. ಗುಡಿಯ ಫ್ಯಾನ್ ಮನಸ್ಸಿನಲ್ಲಿತ್ತು. ಸ್ವಲ್ಪ ಹೊತ್ತು ಯೋಚಿಸಿ ಚೆಕ್ ಬರೆದರು. ಈಗ ಭಾನುವಾರ ಬಂದರೆ ಚಿತ್ರ ನೋಡುವುದು ಕಡಿಮೆ. ಸೀದಾ ಯಂತ್ರದ ಹತ್ತಿರ ಹೋಗುತ್ತಾರೆ. "ನಮ್ಮಪ್ಪ ಇವತ್ತ ಎಷ್ಟು ನೀರ ತಗದಾನ್ರಿ?" ಅಂತ ವಾಚ್‌ಮನ್‌ನನ್ನು ಕೇಳಿ, ತಾವೇ ಬಕೆಟ್ ಎತ್ತಿಕೊಂಡು ತುಳಸಿಗೆ ಸುರಿದು ಬರುತ್ತಾರೆ. ಹೆಸರಿನ ಸ್ಟಿಕ್ಕರ್ ಮಾತ್ರ ತೇವಕ್ಕೆ ಒಂದು ಮೂಲೆಯಲ್ಲಿ ಎದ್ದಿದೆ. ಅವರು ನೋಡುವ ಮೊದಲು ಅಂಟಿಸಬೇಕು.