ಅಮ್ಮ ಬಾಣಂತನಕ್ಕೆ ಶಾರ್ಜಾಕ್ಕೆ ಹೊರಟಿದ್ದು

ಆಗುಂಬೆಯ ನೆತ್ತಿಗೆ ಬಂದಾಗ ಇನ್ನೂ ಕತ್ತಲೆ. ಘಾಟಿ ಇಳಿಯುವ ಮೊದಲು ಕಾರು ನಿಲ್ಲಿಸಲು ಹೇಳಿದ ಅಮ್ಮ, ಸೊಂಟದ ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಬಹಳ ನಿಧಾನವಾಗಿ ಒಂದು ವೀಳ್ಯ ಹಾಕಿದಳು. ಆಮೇಲೆ ಸಂಚಿಯನ್ನು ಕಾರು ಓಡಿಸುತ್ತಿದ್ದ ನಮ್ಮ ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟು, "ಅಟ್ಟದ ಮೇಲಿಡೋ, ಬಂದ ಮೇಲೆ ಇಸ್ಕೊಳ್ತೀನಿ" ಅಂದಳು. ಅರವತ್ತು ದಿನ ಎಲೆ ಇಲ್ಲ. ವೀಳ್ಯದೆಲೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ ಎಂದು ನಾನು ಹೇಳಿದ್ದನ್ನು ಅವಳು ಹದಿನೈದು ದಿನ ನಂಬಿರಲಿಲ್ಲ.

2024ರ ಡಿಸೆಂಬರ್ 15. ತೀರ್ಥಹಳ್ಳಿಯಿಂದ ಹೊರಟು ಹೆಬ್ರಿ, ಕಾರ್ಕಳ, ಮೂಡಬಿದಿರೆ ದಾಟಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ನಮ್ಮದು. ತಂಗಿ ಶಾರ್ಜಾದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಹೆರಿಗೆಯ ಹೊತ್ತಿಗೆ ಅಮ್ಮ ಅಲ್ಲಿರಬೇಕೆಂದು ಆರು ತಿಂಗಳ ಮುಂಚೆಯೇ ಮಾತಾಗಿತ್ತು. ಆದರೆ ನಾವು ಘಾಟಿ ಇಳಿಯುತ್ತಿದ್ದ ಆ ಬೆಳಿಗ್ಗೆ ಮಗು ಹುಟ್ಟಿ ಹತ್ತು ದಿನವಾಗಿತ್ತು. ತಡವಾಗಿದ್ದು ದುಡ್ಡಿಲ್ಲದೆ ಅಲ್ಲ, ರಜೆ ಸಿಗದೆ ಅಲ್ಲ. ಅಮ್ಮನ ಪಾಸ್‌ಪೋರ್ಟಿನಲ್ಲಿ ಒಂದು ಕಾಲಂ ಖಾಲಿ ಇತ್ತು, ಅದಕ್ಕೆ.

ಅಕ್ಟೋಬರ್ ಮೊದಲ ವಾರ ಪಾಸ್‌ಪೋರ್ಟಿನ ಪ್ರತಿ, ಫೋಟೋ ಎಲ್ಲ ಟ್ರಾವೆಲ್ ಏಜೆನ್ಸಿಗೆ ಕೊಟ್ಟಿದ್ದೆ. ದುಡ್ಡು ಕಟ್ಟಿಸಿಕೊಂಡ ಏಜೆಂಟರು ಹತ್ತು ದಿನ ಏನೂ ಹೇಳಲಿಲ್ಲ. ನಾನೇ ಫೋನ್ ಮಾಡಿದಾಗ, "ಮೇಡಂ, ನಿಮ್ಮ ತಾಯಿದು ಸಿಂಗಲ್ ನೇಮ್ ಅಲ್ವಾ, ಆಗಲ್ಲ" ಅಂದರು. ನನಗೆ ಅರ್ಥವೇ ಆಗಲಿಲ್ಲ. ಪಾಸ್‌ಪೋರ್ಟ್ ತೆಗೆದು ನೋಡಿದೆ. ಸರ್‌ನೇಮ್ ಎನ್ನುವಲ್ಲಿ ಏನೂ ಇಲ್ಲ. ಗಿವನ್ ನೇಮ್ ಎನ್ನುವಲ್ಲಿ ಅಮ್ಮನ ಹೆಸರು, ಒಂದೇ ಪದ. 2016ರಲ್ಲಿ ಯಾರೋ ಅರ್ಜಿ ತುಂಬಿಕೊಟ್ಟಾಗ ಅವಳು ಶಾಲೆಯ ದಾಖಲೆಯಲ್ಲಿದ್ದ ಹೆಸರನ್ನು ಹೇಳಿದ್ದಳು, ಅವರು ಹಾಗೆಯೇ ಬರೆದಿದ್ದರು.

ದುಬೈ, ಶಾರ್ಜಾ ಎರಡೂ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನವರು 2022ರ ನವೆಂಬರ್ 21ರಿಂದ ಈ ನಿಯಮ ತಂದಿದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾ, ವಿಸಿಟ್ ವೀಸಾ ಕೊಡುವುದಿಲ್ಲ. ಮೊದಲೇ ವೀಸಾ ಕೊಟ್ಟಿದ್ದರೂ ಅಂಥವರನ್ನು ಒಳಗೆ ಬಿಡುವುದಿಲ್ಲ. ಆಮೇಲೆ ಒಂದು ವಿನಾಯಿತಿ ಕೊಟ್ಟರು: ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು. ಆದರೆ ಅದು ಅಲ್ಲಿಗೆ ಹೋಗಿ ಇಳಿದ ಮೇಲೆ ವೀಸಾ ಪಡೆಯುವ ಅರ್ಹತೆ ಇದ್ದವರಿಗೆ ಮಾತ್ರ. ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವಂಥ ಭಾರತೀಯರಿಗೆ ಆ ಸೌಲಭ್ಯ ಇದೆ. ತೋಟದ ಮನೆಯಿಂದ ಹೊರಟ ಅಮ್ಮನಿಗೆ ಎಲ್ಲಿಂದ ಬರಬೇಕು ಅದು?

ಈ ನಿಯಮ ನಮ್ಮ ಕಡೆಯವರಿಗೆ ತಗುಲುವಷ್ಟು ಬೇರೆಯವರಿಗೆ ತಗುಲುವುದಿಲ್ಲ ಅನ್ನಿಸುತ್ತದೆ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುತ್ತದೆ, ಕರಾವಳಿಯಲ್ಲಿ ಶೆಟ್ಟಿ, ಪೂಜಾರಿ, ಡಿಸೋಜ ಇದ್ದಾರೆ. ಹಳೇ ಮೈಸೂರಿನ ಕಡೆ, ಮಲೆನಾಡಿನಲ್ಲಿ, ಹೆಸರಿನ ಮುಂದೆ ಇನಿಷಿಯಲ್ ಇಡುತ್ತೇವೆ. ಒಂದಕ್ಷರ ಊರಿಂದು, ಒಂದಕ್ಷರ ಅಪ್ಪಂದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವುದು ಯಾಕೆಂದು ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಹೆಂಗಸರದಂತೂ ಇನ್ನೂ ಹೆಚ್ಚು. ಇದನ್ನು ಓದುತ್ತಿರುವವರು ದಯವಿಟ್ಟು ಈಗಲೇ ಎದ್ದು ಮನೆಯ ಹಿರಿಯರ ಪಾಸ್‌ಪೋರ್ಟ್ ತೆಗೆದು ಆ ಒಂದು ಸಾಲು ನೋಡಿ. ಟಿಕೆಟ್ ಮಾಡಿಸುವ ಮೊದಲು ನೋಡಿ.

ನಮ್ಮ ಅದೃಷ್ಟಕ್ಕೆ ಅಮ್ಮನ ಆಧಾರ್ ಕಾರ್ಡಿನಲ್ಲಿ, ಪ್ಯಾನ್ ಕಾರ್ಡಿನಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರೂ ಇತ್ತು. ಪಾಸ್‌ಪೋರ್ಟ್ ರೀ-ಇಶ್ಯೂಗೆ ಅರ್ಜಿ ಹಾಕಿ 1,500 ರೂಪಾಯಿ ಕಟ್ಟಿದೆವು. ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000. ಹೆಸರು ತಿದ್ದುವ ಅರ್ಜಿ ಅಲ್ವಾ, ಗಡಿಬಿಡಿಯಲ್ಲಿ ಮತ್ತೆ ತಪ್ಪಾದೀತು ಎಂದು ಹೆದರಿ ಸಾಮಾನ್ಯ ಅರ್ಜಿಯನ್ನೇ ಹಾಕಿದೆ. ಅದು ನನ್ನ ತಪ್ಪು. ಪೊಲೀಸ್ ವೆರಿಫಿಕೇಶನ್ ಮುಗಿದು, ಅಂಚೆಯವರು ಹೊಸ ಪುಸ್ತಕ ತಂದುಕೊಡುವಷ್ಟರಲ್ಲಿ ಐದು ವಾರ ಕಳೆದಿತ್ತು. ಕೌಂಟರಿನಲ್ಲಿ ಕೂತಿದ್ದ ಹುಡುಗಿ, "ಸರ್‌ನೇಮ್ ಏನಂತ ಹಾಕ್ಲಿ ಅಮ್ಮ?" ಎಂದು ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಕೊನೆಗೆ ಆಧಾರ್ ಕಾರ್ಡನ್ನು ಗಾಜಿನ ಕೆಳಗಿನಿಂದ ತಳ್ಳಿ, "ಇದರಲ್ಲಿದೆಯಲ್ಲ, ಅದೇ" ಅಂದಳು.

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಏಜೆಂಟರನ್ನು ಬದಲಾಯಿಸಿದೆ. ಎರಡನೆಯವರು ಮೊದಲು ಕೂರಿಸಿ, ಏನೇನು ಬೇಕೆಂದು ಕಾಗದದ ಮೇಲೆ ಬರೆದುಕೊಟ್ಟರು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೋಗಿ ಬರುವ ಎರಡೂ ಟಿಕೆಟ್ ಬೇಕು. ಉಳಿಯುವ ಜಾಗಕ್ಕೆ ಹೋಟೆಲ್ ಬುಕಿಂಗ್. ಸಂಬಂಧಿಕರ ಮನೆಯಾದರೆ ಅವರ ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ), ರೆಸಿಡೆನ್ಸ್ ವೀಸಾ, ಬಾಡಿಗೆ ಕರಾರಿನ ಪ್ರತಿ. ಕೈಯಲ್ಲೋ ಕಾರ್ಡಿನಲ್ಲೋ 3,000 ದಿರ್ಹಮ್ ಖರ್ಚಿಗಿದೆ ಎಂದು ತೋರಿಸಲು ತಯಾರಿರಬೇಕು. ಆ ನವೆಂಬರ್‌ನಲ್ಲಿ ಈ ಕಾಗದಗಳನ್ನು ಅರ್ಜಿಯ ಜೊತೆಗೇ ಕೇಳಲು ಶುರುಮಾಡಿದ್ದರು. ಹಾಗಾಗಿ ಬಹಳ ಅರ್ಜಿಗಳು ವಾಪಸ್ ಬರುತ್ತಿದ್ದವು. ದುಬೈಯಲ್ಲಿ ಬಾಡಿಗೆ ಕರಾರಿನ ನೋಂದಣಿಗೆ ‘ಇಜಾರಿ’ ಅನ್ನುತ್ತಾರಂತೆ. ನಮ್ಮ ಹಳೆಯ ಕಂದಾಯದ ಕಾಗದಗಳಲ್ಲಿರುವ ಇಜಾರೆಯೇ ಅದು. ಶಾರ್ಜಾದಲ್ಲಿ ಅದೇ ಕರಾರಿಗೆ ಮುನ್ಸಿಪಾಲಿಟಿಯ ಮುದ್ರೆ ಬೇಕು. ತಂಗಿಯ ಗಂಡ ತುಂಬು ಬಸುರಿಯನ್ನು ಮನೆಯಲ್ಲಿ ಬಿಟ್ಟು ಅದನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿದರು.

ಪ್ರವಾಸಿ ವೀಸಾದಲ್ಲಿ 30 ದಿನದ್ದು, 60 ದಿನದ್ದು ಎಂದು ಬಗೆಗಳಿವೆ. ನನಗೆ 30, ಅಮ್ಮನಿಗೆ 60 ತೆಗೆದುಕೊಂಡೆವು. ಅರವತ್ತು ದಿನ ಅಂದರೆ ಎರಡು ತಿಂಗಳು ಎಂದುಕೊಂಡು ಮೋಸಹೋಗುವವರಿದ್ದಾರೆ. ಡಿಸೆಂಬರ್ 15ಕ್ಕೆ ಇಳಿದರೆ ಆ ದಿನವೂ ಲೆಕ್ಕಕ್ಕೆ ಸೇರಿ ಫೆಬ್ರವರಿ 12ಕ್ಕೆ ಅರವತ್ತು ತುಂಬುತ್ತದೆ, 14ಕ್ಕಲ್ಲ. ಮೊದಲು ಹತ್ತು ದಿನ ಹೆಚ್ಚಿಗೆ ಬಿಡುತ್ತಿದ್ದರು, ಈಗ ಅದಿಲ್ಲ. ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ. ಅಮ್ಮನ ವಾಪಸ್ ಟಿಕೆಟ್ ಫೆಬ್ರವರಿ 9ಕ್ಕೆ ಮಾಡಿಸಿದೆ.

ವೀಸಾ ಕೈಗೆ ಬಂದಿದ್ದು ಡಿಸೆಂಬರ್ 4ಕ್ಕೆ. ಮರುದಿನ ಬೆಳಿಗ್ಗೆ ತಂಗಿಗೆ ನೋವು ಕಾಣಿಸಿಕೊಂಡಿತು. ಆ ರಾತ್ರಿ ಅಮ್ಮ ದೇವರ ಮುಂದಿನಿಂದ ಏಳಲಿಲ್ಲ. ಎಲ್ಲ ಸಸೂತ್ರವಾಯಿತು, ಹೆಣ್ಣುಮಗು ಎಂದು ಫೋನ್ ಬಂದಾಗ ಒಂದು ಸಲ ಕಣ್ಣೊರೆಸಿಕೊಂಡು, "ಬಿಸಿನೀರು ಹಾಕೋಕೆ ಯಾರಿದಾರೆ ಅವಳಿಗೆ?" ಅಂದಳು. ಅಷ್ಟೇ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮಾರನೆಯ ದಿನದಿಂದ ಅಂಟಿನ ಉಂಡೆಯ ಕೆಲಸ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ ತುರಿದು ಹುರಿದು, ಉತ್ತುತ್ತೆ, ಗೋಡಂಬಿ, ಬಾದಾಮಿ ಎಲ್ಲ ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ ಬಿಸಿಯಿರುವಾಗಲೇ ಕಟ್ಟಬೇಕು. ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಎರಡು ಡಬ್ಬಿ ತುಂಬಿತ್ತು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ, ಹಲ್ಲಿಗೆ ಸಣ್ಣಗೆ ಚಟಚಟ ಅಂದಿತು. ಗಸಗಸೆ! ಎದೆ ಧಸಕ್ಕೆಂದಿತು. ಎಮಿರೇಟ್ಸ್‌ನಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಅಫೀಮಿನ ಗಿಡದ ಬೀಜ ಅಲ್ಲವೇ ಅದು. ಗೊತ್ತಿಲ್ಲದೆ ಒಯ್ದು ಜೈಲು ಕಂಡವರಿದ್ದಾರೆ. ಅಮ್ಮನಿಗೆ ಹೇಳಿದೆ. "ಪಾಯಸಕ್ಕೆ ಹಾಕೋ ಗಸಗಸೆನೇನೇ? ಅದೆಂಥ ಕಾನೂನೇ ಮಾರಾಯ್ತಿ" ಎಂದು ಡಬ್ಬಿಯ ಕಡೆ ನೋಡುತ್ತ ನಿಂತಳು. ಆಮೇಲೆ ಏನೂ ಮಾತಾಡದೆ ಆ ಎರಡೂ ಡಬ್ಬಿ ಕೆಲಸದವರ ಮನೆಗೆ ಕೊಟ್ಟಳು. ಮರುದಿನ ಬಾಣಲೆ, ಒರಳು, ತಟ್ಟೆ ಎಲ್ಲ ಎರಡೆರಡು ಸಲ ತೊಳೆದು ಗಸಗಸೆ ಇಲ್ಲದೆ ಮತ್ತೆ ಕಟ್ಟಿದಳು. ಸಾರಿನ ಪುಡಿ, ಹುಳಿ ಪುಡಿ, ಮಸಾಲೆ ಪುಡಿ ಒಂದೊಂದನ್ನೂ ಕೇಳಿದೆ. ಮಸಾಲೆ ಪುಡಿಯಲ್ಲಿ ಅದಿತ್ತು, ತೆಗೆದಿಟ್ಟೆವು.

ಮಾತ್ರೆಗಳೂ ಹಾಗೆಯೇ. ಅಮ್ಮನ ಮಂಡಿನೋವಿಗೆ ಡಾಕ್ಟರು ಬರೆದುಕೊಟ್ಟಿದ್ದ ಗುಳಿಗೆಯ ಹಿಂಬದಿ ಸಣ್ಣ ಅಕ್ಷರದಲ್ಲಿ ಟ್ರಮಡಾಲ್ ಎಂದಿತ್ತು. ಅದಕ್ಕೆ ಅಲ್ಲಿ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್ಪಿಗೂ ಅಷ್ಟೇ. ಡಾಕ್ಟರಿಗೆ ಹೇಳಿ ಗುಳಿಗೆ ಬದಲಾಯಿಸಿಕೊಂಡು, ಬಿಪಿ ಮಾತ್ರೆಗೂ ಚೀಟಿ ಬರೆಸಿಕೊಂಡು ಫೈಲಿಗೆ ಹಾಕಿದೆ.

ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾಗಿದ್ದು 2006ರಲ್ಲಿ. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಹುಡುಗರೂ ಕರಾವಳಿಯ ಹುಡುಗರೂ ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿ ಹತ್ತುತ್ತಿದ್ದರು. ಇಮಿಗ್ರೇಷನ್ ಸಾಲಿನಲ್ಲಿ ನಮ್ಮ ಮುಂದೆ ಒಬ್ಬಳು ಹುಡುಗಿ ಇದ್ದಳು, ಇಪ್ಪತ್ತಮೂರು ಇಪ್ಪತ್ನಾಲ್ಕು ಇರಬಹುದು. ವಿಸಿಟ್ ವೀಸಾ. ಯಾರಿದ್ದಾರೆ ಅಲ್ಲಿ ಎಂದು ಅಧಿಕಾರಿ ಕೇಳಿದರೆ ಅಕ್ಕ ಅಂದಳು. ಅಕ್ಕನ ಹೆಸರೇನು ಅಂದರೆ ತಡವರಿಸಿದಳು. ಅವರು ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಅವಳ ಕೈಯಲ್ಲಿದ್ದ ಪುಟ್ಟ ಬ್ಯಾಗ್ ಇನ್ನೂ ನನ್ನ ಕಣ್ಣ ಮುಂದಿದೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ‘ವಲಸೆ ತಪಾಸಣೆ ಅಗತ್ಯ’ ಎನ್ನುವ ಗುರುತು ಬೀಳುತ್ತದೆ. ಅಂಥವರು ಕೊಲ್ಲಿಯ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಅನುಮತಿ ಪಡೆಯಬೇಕು. ಮನೆಗೆಲಸಕ್ಕೆ ಹೋಗುವ ಇಸಿಆರ್ ಹೆಂಗಸರಿಗೆ 30 ವರ್ಷ ತುಂಬಿರಬೇಕು. ಇದನ್ನು ತಪ್ಪಿಸಲೆಂದೇ ದಲ್ಲಾಳಿಗಳು ವಿಸಿಟ್ ವೀಸಾ ಮಾಡಿಸಿ ಕಳಿಸುತ್ತಾರೆ. ಆ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ಯಾರ ಹತ್ತಿರ ಹೋಗುತ್ತಾಳೆ ಆ ಹುಡುಗಿ? ಏಜೆಂಟರು ನೋಂದಾಯಿತರೋ ಅಲ್ಲವೋ ಎನ್ನುವುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಊರಿನ ಯಾರಾದರೂ ಒಬ್ಬರು ನೋಡಿಕೊಡಬೇಕು ಅಷ್ಟೇ.

ನಮ್ಮ ಸರದಿ ಬಂತು. ಅಮ್ಮ ಓದಿದ್ದು ಏಳನೇ ಕ್ಲಾಸು, ಆದರೆ 50 ದಾಟಿದವರಿಗೆ ಇಸಿಆರ್ ಇಲ್ಲ. ಅವಳಿಗೆ ಅರವತ್ನಾಲ್ಕು. "ಎಲ್ಲಿಗೆ ಅಮ್ಮ?" ಎಂದು ಅಧಿಕಾರಿ ಕನ್ನಡದಲ್ಲೇ ಕೇಳಿದರು. "ಬಾಣಂತನಕ್ಕೆ." ಅವರು ನಕ್ಕು ಠಪ್ಪೆಂದು ಮುದ್ರೆ ಒತ್ತಿದರು.

ವಿಮಾನದಲ್ಲಿ ಅಮ್ಮ ಮೂರೂವರೆ ತಾಸು ಕಿಟಕಿ ಬಿಟ್ಟು ಮುಖ ತಿರುಗಿಸಲಿಲ್ಲ. ಇಳಿದಾಗ ಗಡಿಯಾರವನ್ನು ಒಂದೂವರೆ ತಾಸು ಹಿಂದಕ್ಕೆ ತಿರುಗಿಸಿಕೊಟ್ಟೆ. ದುಬೈಯ ಕೌಂಟರಿನಲ್ಲಿ ಬಿಳಿ ನಿಲುವಂಗಿಯ ಎಳೆ ಹುಡುಗ. ಅಮ್ಮನಿಗೆ ಕನ್ನಡಕ ತೆಗೆಯಲು ಕೈಸನ್ನೆ ಮಾಡಿ, ಕ್ಯಾಮೆರಾ ತೋರಿಸಿದ. ಪಾಸ್‌ಪೋರ್ಟಿನ ಹೆಸರನ್ನೂ ಪರದೆಯನ್ನೂ ನೋಡಿದ. ನನ್ನ ಉಸಿರು ನಿಂತ ಹಾಗಾಗಿತ್ತು. ಇಷ್ಟು ದಿನ ಅಲೆಸಿದ ಆ ಎರಡು ಪದಗಳನ್ನು ಅವನು ತನ್ನ ಉಚ್ಚಾರಣೆಯಲ್ಲಿ, ನಡುವೆ ಚೂರು ನಿಲ್ಲಿಸಿ, ಜೋರಾಗಿ ಓದಿದ. ಒಂದು ಅಮ್ಮನ ಹೆಸರು, ಇನ್ನೊಂದು ಅಪ್ಪಂದು. ಅಮ್ಮ ತಲೆಯಾಡಿಸಿದಳು.

ತಂಗಿಯ ಮನೆ ಅಲ್ ನಹ್ದಾದಲ್ಲಿ. ಆ ಹೆಸರಿನ ಬಡಾವಣೆ ದುಬೈಯಲ್ಲೂ ಇದೆ, ಶಾರ್ಜಾದಲ್ಲೂ ಇದೆ, ಒಂದಕ್ಕೊಂದು ಅಂಟಿಕೊಂಡಿವೆ. ಮನೆ ಹೊಕ್ಕ ಅಮ್ಮ ಮಗಳ ಕೆನ್ನೆ ಮುಟ್ಟಿ, ಕೈಕಾಲು ತೊಳೆದು ಬಂದು, ಮಗುವನ್ನು ಎತ್ತಿಕೊಳ್ಳುವ ಮೊದಲು ಬಚ್ಚಲಿಗೆ ಹೋಗಿ ನಲ್ಲಿಯ ಬಿಸಿನೀರು ಎಷ್ಟು ಕಾಯುತ್ತದೆಂದು ಕೈಯಿಟ್ಟು ನೋಡಿದಳು. ಹಂಡೆಯಿಲ್ಲ, ಒಲೆಯಿಲ್ಲ, ಸಾಂಬ್ರಾಣಿಯ ಹೊಗೆಯಿಲ್ಲ. ಆದರೂ ಮರುದಿನ ಬೆಳಿಗ್ಗೆ ಹದಿನಾಲ್ಕನೇ ಮಹಡಿಯ ಬಚ್ಚಲಲ್ಲಿ ಎಣ್ಣೆ ನೀರು ಆಯಿತು. ಎಷ್ಟೋ ದಿನದ ಮೇಲೆ ತಂಗಿ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು.

ನಾನಿದ್ದ ಹತ್ತು ದಿನದಲ್ಲಿ ಸುತ್ತಿದ್ದು ಕಡಿಮೆ. ಒಂದು ಸಂಜೆ ಬರ್ ದುಬೈಗೆ ಹೋಗಿ, 1 ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ, ಹೂವಿನ ಓಣಿಯಲ್ಲಿ ಅಮ್ಮನಿಗೆಂದು ಮಲ್ಲಿಗೆ ದಂಡೆ ಕೊಂಡು ತಂದೆ. ಅಲ್ಲಿಯ ಗಾಳಿಯಲ್ಲಿ ಡಿಸೆಂಬರಿನ ಚಳಿ ಹಿತವಾಗಿತ್ತು.

ನಾನು ಹೊರಡುವ ಹಿಂದಿನ ರಾತ್ರಿ ತಂಗಿಯ ಗಂಡ ಊಟದ ಮೇಜಿನ ಮೇಲೆ ಮಗುವಿನ ಕಾಗದ ಹರಡಿಕೊಂಡರು. ಹುಟ್ಟಿದ 120 ದಿನದೊಳಗೆ ಮಗುವಿಗೆ ಅಲ್ಲಿಯ ರೆಸಿಡೆನ್ಸ್ ವೀಸಾ ಆಗಬೇಕು. ಅದಕ್ಕೆ ಮೊದಲು ಭಾರತದ ಪಾಸ್‌ಪೋರ್ಟ್ ಬೇಕು. ಫೆಬ್ರವರಿಯಲ್ಲಿ ಅಮ್ಮನ ಜೊತೆ ತಾಯಿ ಮಗು ಊರಿಗೆ ಬರುವುದಾದರೂ ಅದೇ ಬೇಕು. ಬಿಳಿ ಹಿನ್ನೆಲೆಯ ಫೋಟೋಕ್ಕೆ ಮಗು ಕಣ್ಣೇ ಬಿಟ್ಟಿರಲಿಲ್ಲ, ಹನ್ನೊಂದು ಸಲ ತೆಗೆದಿದ್ದೆವು. ಗಿವನ್ ನೇಮ್ ಬರೆದಾಯಿತು. ಅವರು ಪೆನ್ನು ಎತ್ತಿಕೊಂಡು, "ಸರ್‌ನೇಮ್ ಆಮೇಲೆ ನೋಡೋಣ್ವಾ ಅತ್ತೆ, ನಮ್ಮನೇಲಿ ಯಾರೂ ಇಟ್ಕೊಂಡಿಲ್ಲ" ಅಂದರು.

ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದ ಅಮ್ಮ ಒಂದು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಆ ಖಾಲಿ ಚೌಕದ ಪಕ್ಕದಲ್ಲಿ ಬೆರಳಿಟ್ಟಳು. "ಈಗಲೇ ಬರೀರಿ. ನಿಮ್ಮ ಹೆಸರೇ ಬರೀರಿ." ಅವರು ಒಂದೊಂದೇ ಅಕ್ಷರ ತುಂಬಿ ಮುಗಿಸುವವರೆಗೆ ಅಮ್ಮ ಬೆರಳು ತೆಗೆಯಲಿಲ್ಲ.